ಇನ್ನೆರಡು ಪುಟ

ದಸರಾ ರಜೆಗೆ ಅಣ್ಣನ ಮಗಳು ಊರಿಗೆ ಬಂದಿದ್ದಾಳೆ, ಈಗ ಒಂಬತ್ತನೇ ಕ್ಲಾಸು. ನಿನ್ನೆ ಸಂಜೆ ಜಗಲಿಯಲ್ಲಿ ಕೂತು ವಿಜ್ಞಾನ ಓದುತ್ತಿದ್ದಳು, ಫೋನಿನಲ್ಲಿ. ಪುಸ್ತಕ ಪಕ್ಕದಲ್ಲೇ ಇತ್ತು, ಜೂನ್‌ನಲ್ಲಿ ಹಾಕಿದ ಬೈಂಡು ಮಾಸಿಯೇ ಇಲ್ಲ. ಯಾಕೆ ತೆಗೆಯಲ್ಲ ಅಂದರೆ, "ಪ್ರಶ್ನೋತ್ತರ ಗ್ರೂಪಿಗೆ ಬಂದಿದೆಯಲ್ಲ ಅತ್ತೆ, ಪಾಠ ಪೂರ್ತಿ ಯಾಕೆ ಓದಬೇಕು?" ಅಂದಳು. ಅಷ್ಟರಲ್ಲಿ ಮೇಲಿಂದ ಒಂದು ಮೆಸೇಜು ಇಳಿಯಿತು, ಹೆಬ್ಬೆರಳು ಅತ್ತ ಹೋಯಿತು, ಅಂಗಾಂಶಗಳ ಪಾಠ ಅಲ್ಲೇ ನಿಂತಿತು.

2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಕೈಗೆ ಫೋನು ಕೊಟ್ಟವರು ನಾವೇ ಅಲ್ವಾ. ಬೇರೆ ದಾರಿಯೂ ಇರಲಿಲ್ಲ.

ರಾತ್ರಿ ಹನ್ನೊಂದಾದರೂ ಮಲಗಿರಲಿಲ್ಲ, ರೀಲ್ಸ್ ಇರಬೇಕು ಅಂತ ಗದರಲು ಹೋದೆ. ನೋಡಿದರೆ ಪ್ರತಿಲಿಪಿ ಅನ್ನೋ ಕತೆಗಳ ಆ್ಯಪಿನಲ್ಲಿ ಕನ್ನಡ ಧಾರಾವಾಹಿ ಕತೆ, ನಲವತ್ತನೇ ಕಂತು! ಮಕ್ಕಳು ಓದೋದೇ ಬಿಟ್ಟರು ಅಂತ ಸುಮ್ನೆ ಹೇಳುತ್ತೇವೆ. ಓದು ಬಿಟ್ಟಿಲ್ಲ, ಚಿಕ್ಕ ಚಿಕ್ಕ ತುಂಡಾಗಿದೆ, ಹತ್ತು ಪುಟ ಒಂದೇ ಸಲ ಕೂತು ಓದುವ ತಾಳ್ಮೆ ಕಮ್ಮಿಯಾಗಿದೆ, ನನಗೆ ಜಾಸ್ತಿ ಸಂಕಟ ಆಗೋದು ಅದಕ್ಕೇ.

ಇವತ್ತು ಪಂಚಾಯ್ತಿ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ, ಎಷ್ಟು ಮನೆಗೆ ಗೊತ್ತಿದೆಯೋ. ಫೋನು ಮನೆಯಲ್ಲೇ ಚಾರ್ಜಿಗೆ ಇತ್ತು. ಒಂದು ಕತೆ ಪುಸ್ತಕ ಹಿಡಿದು ಕಿಟಕಿ ಪಕ್ಕ ಕೂತಳು, ಮೊದಲು ಎರಡು ಮೂರು ಸಲ ಕೈ ಸುಮ್ನೆ ಜೇಬು ತಡಕಿತು, ಆಮೇಲೆ ನಿಂತಿತು. ಒಂದು ಗಂಟೆ ಬಿಟ್ಟು ಹೋಗೋಣ್ವಾ ಅಂದೆ.

"ತಡಿ ಅತ್ತೆ, ಇನ್ನೆರಡು ಪುಟ."