ಹಳೇ ಷೆವರ್ಲೆಗೆ ಬ್ಲಾಕ್ ಹುಡುಕುವಾಗ

350 ಸ್ಮಾಲ್ ಬ್ಲಾಕ್ (ಷೆವರ್ಲೆಯ 350 ಘನ ಇಂಚಿನ V8 ಎಂಜಿನ್ನಿನ ಎರಕದ ಮೈ) ಸಿಕ್ಕಿತೆಂದು ತಕ್ಷಣ ದುಡ್ಡು ಎಣಿಸಬೇಡಿ. ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲಿರುವ ಎರಕದ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಓದಿ. 3970010 ಅಂತಿದ್ದರೆ ಒಳ್ಳೆಯದೇ. ಆದರೆ ಅಷ್ಟಕ್ಕೇ ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಮೇನ್ ಕ್ಯಾಪಿಗೆ ನಾಲ್ಕು ಬೋಲ್ಟ್ ಇದೆ ಅಂತ ನಂಬಬೇಡಿ, ಸಂಪ್ (ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿಯೇ ನೋಡಬೇಕು. 1986ರಿಂದೀಚಿನ ಬ್ಲಾಕಿನಲ್ಲಿ ಹಿಂದಿನ ಆಯಿಲ್ ಸೀಲ್ ಒಂದೇ ತುಂಡಿನದು. ಹಳೇ ಕ್ರ್ಯಾಂಕ್ ಇದಕ್ಕೆ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ.

ಬೋರಿನ (ಸಿಲಿಂಡರ್ ರಂಧ್ರದ) ಮೂಲ ಅಳತೆ 4.000 ಇಂಚು. ಕೊರೆದು 4.030 ಆಗಿದ್ದರೆ ಚಿಂತೆಯಿಲ್ಲ. 4.060 ಅಂದರೆ ಗೋಡೆ ತೆಳು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕುದಿಯೋದು ಖಂಡಿತ ಅನ್ನೋಣ! ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆಸಿ. ಜೆ.ಸಿ. ರಸ್ತೆ ಕಡೆ ಬೋರಿಂಗಿಗೆ ಕೊಡುವಾಗ ಹೊಸ ಪಿಸ್ಟನ್‌ಗಳನ್ನೂ ಜೊತೆಗೇ ಒಯ್ಯಿರಿ, ಪಿಸ್ಟನ್ ಅಳತೆ ನೋಡಿಕೊಂಡೇ ಬೋರ್ ಕೊರೆಯಬೇಕು.