ಶೆಫೀಲ್ಡ್‌ನಿಂದ ಬಂದ ನಾಲ್ಕು ಬಾಟ್ಲಿ

ಊರಿಗೆ ಬರುವಾಗ ಹೊರದೇಶದಿಂದ ಬಾಟ್ಲಿ ತರುವುದು ಹೊಸದೇನಲ್ಲ. ಆದರೆ ಈ ಸಲ ನಾನು ತಂದಿದ್ದಕ್ಕೆ ಲೇಬಲ್ಲೇ ಇರಲಿಲ್ಲ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಗೀಚಿದ ಒಂದೊಂದು ಅಕ್ಷರ, ಅಷ್ಟೇ. ಅರ್ಧ ಲೀಟರಿನವು ನಾಲ್ಕು. ಸುಂಕ ಕಟ್ಟದೆ ತರಲು ಬಿಡುವುದು ಎರಡೇ ಲೀಟರ್, ಲೆಕ್ಕ ಸರಿಹೋಯಿತು. ಪಂಚೆ, ಸ್ವೆಟರ್ ಸುತ್ತಿ ಸೂಟ್‌ಕೇಸಿನ ನಡುವೆ ಮಲಗಿಸಿ, ಬೆಂಗಳೂರಿನಿಂದ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ ಬಸ್ಸು. ಮಂಡಗದ್ದೆ ದಾಟುವ ಹೊತ್ತಿಗೆ ಮಳೆ ಹಿಡಿದಿತ್ತು.

ನಾನಿರುವ ಶೆಫೀಲ್ಡ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹುಚ್ಚಿನವರು ಎಂಟು ಜನ ಇದ್ದೇವೆ. ಅದರಲ್ಲಿ ಕನ್ನಡದವರು ಇಬ್ಬರು, ನಾನು ಮತ್ತು ಸಾಗರದ ಕಡೆಯ ಒಬ್ಬ ಗೆಳೆಯ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಬಾಟ್ಲಿ ಬದಲಾಯಿಸಿಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ 1963ರವರೆಗೆ ಇದಕ್ಕೂ ಲೈಸೆನ್ಸ್ ಬೇಕಿತ್ತು. ಈಗ ಮಾರದಿದ್ದರೆ ಸಾಕು, ಯಾರೂ ಕೇಳುವುದಿಲ್ಲ.

ಕುಡಿಯುವುದು ಸುಲಭ. ಕುಡಿದ ಮೇಲೆ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಅದೇ ಕರಾರು. ಅಮೆರಿಕದ ಬಿಯರ್ ತೀರ್ಪುಗಾರರು ಮಾಡಿದ ಒಂದು ಅಂಕಪಟ್ಟಿಯನ್ನು ನಾವೂ ಬಳಸುತ್ತೇವೆ. ಒಟ್ಟು 50 ಅಂಕ. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3. ಇದು ಗೊತ್ತಾದ ದಿನವೇ ನನಗೆ ಆ ಪಟ್ಟಿಯ ಮೇಲೆ ಗೌರವ ಬಂತು.

ಮೊದಮೊದಲು ನಾನು ಎಲ್ಲದಕ್ಕೂ ‘ಚೆನ್ನಾಗಿದೆ’ ಅನ್ನುತ್ತಿದ್ದೆ. ನೆಂಟರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೂ ‘ಭರ್ಜರಿ’ ಅಂತ ಇನ್ನೊಂದು ಸೌಟು ಹಾಕಿಸಿಕೊಳ್ಳುವ ಜನ ನಾವು. ನಮ್ಮ ಗುಂಪಿನಲ್ಲಿ ಒಬ್ಬ ಬಡಗಿ ಇದ್ದಾನೆ, ಯಾರ್ಕ್‌ಶೈರಿನವನು. ಒಂದು ದಿನ ಪಕ್ಕಕ್ಕೆ ಕರೆದು ಹೇಳಿದ, “ನೀನು ಚೆನ್ನಾಗಿದೆ ಅಂದರೆ ಮುಂದಿನ 20 ಲೀಟರನ್ನೂ ನಾನು ಹೀಗೇ ಕೆಡಿಸುತ್ತೇನೆ.” ಆಮೇಲೆ ಕಲಿತೆ. ಹಸಿ ಸೇಬಿನಕಾಯಿ ವಾಸನೆ ಬಂದರೆ ಯೀಸ್ಟ್ ತನ್ನ ಕೆಲಸ ಮುಗಿಸಿಲ್ಲ. ನೆನೆದ ರಟ್ಟಿನ ವಾಸನೆ ಬಂದರೆ ಎಲ್ಲೋ ಗಾಳಿ ಸೇರಿದೆ. ಬೇಯಿಸಿದ ಜೋಳದ ವಾಸನೆಯಿದ್ದರೆ ಮುಚ್ಚಳ ಹಾಕಿ ಕುದಿಸಿದ್ದಾರೆ. ಆಸ್ಪತ್ರೆಯ ಪಟ್ಟಿಯ ವಾಸನೆಯೋ, ಅದು ನಲ್ಲಿ ನೀರಿನ ಕ್ಲೋರಿನ್.

ಹೇಳುವುದನ್ನು ಕಲಿತೆ, ಸರಿ. ಕೇಳಿಸಿಕೊಳ್ಳುವುದನ್ನು ಕಲಿತಿರಲಿಲ್ಲ.

ಈ ವರ್ಷ ಜನವರಿಯಲ್ಲಿ ನಾನೊಂದು ಪೋರ್ಟರ್ ಮಾಡಿದೆ. ಹುರಿದ ಬಾರ್ಲಿಯ ಕಪ್ಪು ಬಿಯರ್. ಅದಕ್ಕೆ ಊರಿಂದ ಒಯ್ದಿದ್ದ ಜೋನಿ ಬೆಲ್ಲ ಹಾಕಿದೆ, ಕಾಫಿಯನ್ನೂ ಹಾಕಿದೆ. ಎಲ್ಲರೂ ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಬಡಗಿ ಲೋಟ ಮೂಸಿ, ಒಂದು ಗುಟುಕು ಕುಡಿದು, ಪಟ್ಟಿಯಲ್ಲಿ 24 ಅಂತ ಬರೆದ. ಪಕ್ಕದಲ್ಲಿ ಒಂದೇ ಪದ: ಬೆಣ್ಣೆ. ನನಗೆ ಸಿಟ್ಟು ಬಂತು. ಅದು ಜೋನಿ ಬೆಲ್ಲದ ವಾಸನೆ, ಇವನು ಹುಟ್ಟಿದಾಗಿಂದ ಬೆಲ್ಲ ನೋಡಿಲ್ಲ, ಇವನಿಗೇನು ಗೊತ್ತು? ಈ ಕೇಸನ್ನು ಊರಲ್ಲೇ ತೀರ್ಮಾನ ಮಾಡಿಸೋಣ ಅಂತ ಎರಡು ಬಾಟ್ಲಿ ಪೋರ್ಟರ್ ಎತ್ತಿಟ್ಟೆ. ಜೊತೆಗೆ ಬಡಗಿಯ ಒಂದು ಬಿಟರ್, ಅಂದರೆ ಕಹಿ ಬಿಯರ್, ಸಾಗರದವನ ಒಂದು ಗೋಧಿ ಬಿಯರ್.

ಮನೆಗೆ ಬಂದರೆ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಜುಲೈ ಅಲ್ವಾ. ಫ್ರಿಜ್ಜಿನ ಆಸೆ ಬಿಟ್ಟು ಬಾಟ್ಲಿಗಳನ್ನು ಕೊಡದಲ್ಲಿಟ್ಟು ಬಾವಿಗೆ ಇಳಿಸಿದೆವು. ಸಂಜೆ ಜಗಲಿಯಲ್ಲಿ ಭಾವ, ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ, ಪಕ್ಕದ ತೋಟದ ಗೆಳೆಯ. ಎದುರಿಗೆ ಸ್ಟೀಲ್ ಲೋಟಗಳು. ಅತ್ತೆ ಹೊಸ್ತಿಲ ಹತ್ತಿರ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು.

ಮೊದಲು ಬಿಟರ್ ತೆಗೆದೆ. ಭಾವ ಮುಖ ಹಿಂಡಿ, “ಇದು ಆರಿದ ಕಿರಾತಕಡ್ಡಿ ಕಷಾಯ” ಅಂದ. ಮತ್ತೆ ಲೋಟ ಮುಂದೆ ಚಾಚಿದ. ಆ ಕಹಿ ಹಾಪ್ಸ್ ಅನ್ನುವ ಬಳ್ಳಿಯ ಹೂವಿನದು. ಕಹಿ ಹೇಗೆ ನಿಲ್ಲುತ್ತೆ ಅನ್ನುವುದು ನೀರಿನ ಮೇಲೆ ಹೋಗುತ್ತೆ. ಬರ್ಟನ್ ಅನ್ನುವ ಊರಿನ ಬಾವಿಗಳಲ್ಲಿ ಜಿಪ್ಸಮ್ ಜಾಸ್ತಿ, ಅಲ್ಲಿಯ ಬಿಯರ್ ಹೆಸರು ಮಾಡಿದ್ದೇ ಆ ನೀರಿನಿಂದ. ನಮ್ಮ ಬಡಗಿ ತನ್ನ ಮೆದು ನೀರಿಗೆ ಚಮಚದಲ್ಲಿ ಜಿಪ್ಸಮ್ ಹಾಕುತ್ತಾನೆ. ಇಷ್ಟು ಹೇಳಿದ್ದೇ ತಡ, ಭಾವ ಎದ್ದು ಕೂತ. “ಗಂಗಾ ಸ್ನಾನ, ತುಂಗಾ ಪಾನ ಅಂತ ಸುಮ್ನೆ ಹೇಳಿದ್ದಾರಾ? ನಮ್ಮ ನೀರಲ್ಲಿ ಮಾಡಿದರೆ ಹೇಗಿರಬೇಡ!” ಮಾಡಬಹುದು ಭಾವ, ಆದರೆ ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರುತ್ತಾರೆ ಅಂದೆ. ಸುಮ್ಮನಾದ.

ಗೋಧಿ ಬಿಯರ್ ಮುಚ್ಚಳ ತೆಗೆದಾಗ ಅತ್ತೆ ಕೂತಲ್ಲಿಂದಲೇ, “ಬಾಳೆಹಣ್ಣು ಹಾಕಿದ್ದಾರಾ?” ಅಂತ ಕೇಳಿದಳು. ಹಾಕಿಲ್ಲ. ಹಣ್ಣಾದ ಬಾಳೆಯಲ್ಲಿರುವ ವಾಸನೆಯ ಅಂಶವನ್ನೇ ಆ ಜಾತಿಯ ಯೀಸ್ಟ್ ತಾನಾಗಿ ಮಾಡುತ್ತೆ, ಲವಂಗದಂಥ ಇನ್ನೊಂದು ವಾಸನೆಯನ್ನೂ ಸೇರಿಸುತ್ತೆ. ಅತ್ತೆ ತಲೆಯಾಡಿಸಿ ಎಲೆಯ ಕಡೆ ತಿರುಗಿದಳು. ಕುಡಿಯುವವಳಲ್ಲ ಅವಳು. ಆದರೆ ಅಪ್ಪೆಮಿಡಿ ಜಾಡಿಯ ಬಟ್ಟೆ ಬಿಚ್ಚಿದ ಕೂಡಲೇ ಈ ಸಲದ ಉಪ್ಪುನೀರು ಕೆಟ್ಟಿದೆ ಅನ್ನುವ ಮೂಗು.

ಆಮೇಲೆ ನನ್ನ ಪೋರ್ಟರ್. ಮುಚ್ಚಳ ಎತ್ತಿದ್ದೇ ಬುಸ್ ಅಂತ ನೊರೆ ಹಾರಿ ಅರ್ಧ ಬಾಟ್ಲಿ ಕಾವಿ ನೆಲದ ಪಾಲಾಯಿತು. ಬಾಟ್ಲಿಗೆ ತುಂಬುವಾಗ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ತೂಗಿ ಹಾಕಬೇಕು, ಗ್ಯಾಸ್ ಅದರಿಂದಲೇ. ನಾನು ಅದಕ್ಕೂ ಜೋನಿ ಬೆಲ್ಲವನ್ನೇ ಚಮಚದ ಅಂದಾಜಿನಲ್ಲಿ ಸುರಿದಿದ್ದೆ. ಇರಲಿ. ಉಳಿದಿದ್ದನ್ನು ಹಂಚಿದೆ. ಭಾವ ಚೆನ್ನಾಗಿದೆ ಅಂದ. ಗೆಳೆಯನೂ ಹಾಗೇ ಅಂದ. ಬೆಂಗಳೂರಿನವನು “ಬೆಲ್ಲ ಗೊತ್ತಾಗುತ್ತೆ, ಸೂಪರ್” ಅಂದ. ಮೂರು ಜನರ ಮುಖದಲ್ಲೂ ನೆಂಟರ ಮನೆಯ ಉಪ್ಪು ಜಾಸ್ತಿಯಾದ ಸಾರಿನ ಕಳೆ.

ಅತ್ತೆ ಕೈ ಒರೆಸಿಕೊಂಡು ಬಂದು ನನ್ನ ಲೋಟ ಮೂಸಿದಳು.

“ಇದಕ್ಕೆ ಬೆಣ್ಣೆ ಯಾಕೆ ಹಾಕಿದೆ?”

“ಬೆಣ್ಣೆ ಅಲ್ಲ ಅತ್ತೆ, ಜೋನಿ ಬೆಲ್ಲ.”

“ಆಲೆಮನೆಯಲ್ಲಿ ಬೆಳೆದವಳಿಗೆ ಜೋನಿ ಬೆಲ್ಲ ಹೇಳಿಕೊಡ್ತೀಯಾ? ಇದು ಬೆಣ್ಣೆ ಕಾಸೋಕೆ ಇಟ್ಟಾಗಿನ ವಾಸನೆ. ಇನ್ನೂ ತುಪ್ಪ ಆಗಿಲ್ಲ, ನೊರೆ ಏಳ್ತಾ ಇದೆ, ಆವಾಗಿನದು.”

ನಾನು ಒಪ್ಪಲಿಲ್ಲ. ಅವಳು ಮಾತು ಬೆಳೆಸಲಿಲ್ಲ. ಲೋಟ ಎತ್ತಿಕೊಂಡು ಬಚ್ಚಲಿಗೆ ಹೋಗಿ ಹಂಡೆ ಒಲೆಯ ಕಟ್ಟೆಯ ಮೇಲಿಟ್ಟು ಬಂದಳು. ಆರೇಳು ಎಲೆಯ ನಾರು ತೆಗೆದಾದ ಮೇಲೆ ಹೋಗಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. “ಈಗ ಮೂಸು.”

ಬೆಣ್ಣೆ. ಬೆಲ್ಲದ ಸುಳಿವೇ ಇಲ್ಲ. ಬೆಚ್ಚಗಿನ, ಜಿಡ್ಡು ಜಿಡ್ಡಾದ ಬೆಣ್ಣೆ.

ಬಿಯರ್ ಮಾಡುವವರು ಈ ಪರೀಕ್ಷೆಯನ್ನು ಬಾಟ್ಲಿಗೆ ತುಂಬುವ ಮೊದಲೇ ಮಾಡುತ್ತಾರೆ. ಎರಡು ಲೋಟ ತೆಗೆದು ಒಂದನ್ನು ಬಿಸಿನೀರಲ್ಲಿಟ್ಟು, ಆರಿಸಿ, ಎರಡನ್ನೂ ಮೂಸುತ್ತಾರೆ. ಆ ಬೆಣ್ಣೆ ವಾಸನೆಯ ಅಂಶಕ್ಕೆ ಡೈಅಸಿಟೈಲ್ ಅಂತ ಹೆಸರು. ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದೂ ಬಹುಪಾಲು ಅದೇ. ಹುದುಗುವಾಗ ಯೀಸ್ಟಿನಿಂದ ಅದು ಹುಟ್ಟುತ್ತೆ, ಕೊನೆಗೆ ಎರಡು ಮೂರು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ತಿಂದು ಮುಗಿಸುತ್ತೆ. ಜನವರಿಯಲ್ಲಿ ನನ್ನ ನೆಲಮಾಳಿಗೆ ಕೊರೆಯುತ್ತಿತ್ತು, ಯೀಸ್ಟ್ ಮಲಗಿತ್ತು. ಮುಂದಿನ ಶನಿವಾರ ಎಲ್ಲರೂ ಸೇರುವುದಿತ್ತು. ಅವಸರದಲ್ಲಿ ತುಂಬಿಬಿಟ್ಟಿದ್ದೆ. ಪರೀಕ್ಷೆ ಗೊತ್ತಿತ್ತು, ಮಾಡಿರಲಿಲ್ಲ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಬಡಗಿಗೆ ಮೆಸೇಜ್ ಹಾಕಿದೆ. ಬೆಣ್ಣೆಯೇ, ನೀನು ಹೇಳಿದ್ದು ಸರಿ. ಉಂಬಳ ಕಿತ್ತುಕೊಳ್ಳುತ್ತಾ ನಿಂತಿದ್ದಾಗ ಉತ್ತರ ಬಂತು. ಬೆಣ್ಣೆಯ ಸುದ್ದಿಯೇ ಇಲ್ಲ. ಖಾಲಿ ಬಾಟ್ಲಿ ವಾಪಸ್ ತರುವುದು ಮರೀಬೇಡ, ಅಷ್ಟೇ. ಬಾಟ್ಲಿ ತೊಳೆದು ಹಿಂದಿರುಗಿಸುವುದು ನಮ್ಮಲ್ಲಿ ಕಟ್ಟುನಿಟ್ಟು.

ಇಳಿದು ಬಂದರೆ ಅತ್ತೆ ಆಗಲೇ ಮೂರನ್ನೂ ಸೀಗೆಪುಡಿ ಹಾಕಿ ತೊಳೆದು ಒಲೆಯ ಮೇಲಿನ ಅಟ್ಟದಲ್ಲಿ ಬೋರಲು ಹಾಕಿದ್ದಳು. ದಪ್ಪ ಗಾಜು, ತುಡುವೆ ಜೇನಿಗೆ ಹೇಳಿ ಮಾಡಿಸಿದ ಹಾಗಿದೆಯಂತೆ, ಕೊಡುವುದಿಲ್ಲವಂತೆ. ನಾಲ್ಕನೆಯದು ಇನ್ನೂ ಬಾವಿಯಲ್ಲೇ ಇದೆ. ಆ ನೊರೆ ನೋಡಿದ ಮೇಲೆ ಕೊಡ ಎಳೆಯಲು ಯಾರೂ ಮುಂದೆ ಬರುತ್ತಿಲ್ಲ.