ಸೈಡ್ ವೀಲ್ ಸ್ಕೂಟರ್ ಅಂಗಳದಲ್ಲೇ ಯಾಕೆ?

ಕಾಲಿನಲ್ಲಿ ಬಲ ಇಲ್ಲದವರು ಓಡಿಸಲೆಂದು ಸ್ಕೂಟರಿನ ಹಿಂಚಕ್ರದ ಎರಡೂ ಬದಿಗೆ ಒಂದೊಂದು ಚಕ್ರ ಹಾಕಿಸ್ತಾರೆ, ಅದೇ ಸೈಡ್ ವೀಲ್. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆ ಇಂಥ ಸ್ಕೂಟರನ್ನು ಕೆಲವರು ದಿನಾ ಓಡಿಸ್ತಾರೆ, ಕೆಲವರದ್ದು ಟಾರ್ಪಾಲಿನಡಿಯಲ್ಲೇ ಇರ್ತದೆ. ಹೆದರಿಕೆ ಅಂತ ಸುಲಭದಲ್ಲಿ ಹೇಳಿಬಿಡ್ತೇವೆ. ಎಷ್ಟೋ ಸಲ ತೊಂದರೆ ಇರುವುದು ಫಿಟ್ಟಿಂಗಿನಲ್ಲಿ.

ಪಕ್ಕದ ಎರಡು ಚಕ್ರಗಳೇ ಭಾರ ಹೊತ್ತರೆ, ಗುಂಡಿ ಬಂದಲ್ಲಿ ನಡುವಿನ ಹಿಂಚಕ್ರ ನೆಲಕ್ಕೆ ತಾಗದೆ ಸುಮ್ಮನೆ ತಿರುಗ್ತದೆ. ಎಂಜಿನ್ ಎಳೆಯುವುದು, ಹಿಂದಿನ ಬ್ರೇಕ್ ಹಿಡಿಯುವುದು ಎರಡೂ ಅದೇ ಚಕ್ರ. ಮಳೆಗಾಲದ ಮಣ್ಣಿನ ಏರಿನಲ್ಲಿ ಹೀಗಾದರೆ ಗಾಡಿ ಹಿಂದಕ್ಕೇ. ಪಕ್ಕದ ಚಕ್ರಗಳಿಗೆ ಬೇರೆ ಶಾಕ್ ಅಬ್ಸಾರ್ಬರ್ ಬೇಕು. ಎತ್ತರ ಹೊಂದಿಸುವುದು ಸವಾರ ಸೀಟಲ್ಲಿ ಕೂತ ಮೇಲೆ, ಖಾಲಿ ಗಾಡಿಯಲ್ಲಲ್ಲ. ವರ್ಕ್‌ಶಾಪಿನವರು ಅವಸರ ಮಾಡುವುದು ಇಲ್ಲೇ.

ಈ ಸ್ಕೂಟರ್ ತಿರುವಿನಲ್ಲಿ ವಾಲುವುದಿಲ್ಲ. ಬೈಕಿನ ಅಭ್ಯಾಸದಲ್ಲಿ ಬರೀ ಮೈ ವಾಲಿಸಿದರೆ ಗಾಡಿ ತಿರುಗದೆ ಸೀದಾ ಚರಂಡಿಗೆ! ವೇಗ ಮೊದಲೇ ಇಳಿಸಿ, ಹ್ಯಾಂಡಲನ್ನೇ ತಿರುಗಿಸಬೇಕು. ರಸ್ತೆ ಅಂಚಿನ ಇಳಿಜಾರೂ ಗಾಡಿಯನ್ನು ಎಡಕ್ಕೆ ಎಳೀತದೆ, ಕಾಸರಗೋಡು ಮುಟ್ಟುವಾಗ ಭುಜ ಹಿಡಿದುಕೊಂಡಿರ್ತದೆ. ಗುಂಡಿ ತಪ್ಪಿಸಲು ಬೈಕಿನ ಚಕ್ರ ಹೋಗುವುದಕ್ಕೆ ಒಂದು ಗೆರೆ ಸಾಕು, ಇದಕ್ಕೆ ಮೂರು ಬೇಕು.

ಕಾಲು ಊರುವ ಚಟ ಇರುವವರು ಜಾಗ್ರತೆ: ಚಲಿಸುವಾಗ ಊರಿದ ಪಾದದ ಮೇಲೇ ಪಕ್ಕದ ಚಕ್ರ ಹತ್ತುತ್ತದೆ. ಒಮ್ಮೆ ಹಾಗೆ ಚಕ್ರ ಹತ್ತಿದ ಮೇಲೆ ಮತ್ತೆ ಗಾಡಿಯ ಕೀಲಿ ಮುಟ್ಟದವರೂ ಇದ್ದಾರೆ.